ಅತ್ತೆ ಅಟ್ಟ ಖಾಲಿ ಮಾಡಿದ ಮಳೆಗಾಲ

ಕಳೆದ ತಿಂಗಳು ಬಲ್ಮಠದಲ್ಲಿ ಒಂದು ಮದುವೆಯಿತ್ತು. ಊಟ ಮುಗಿಸಿದವಳು ಮೊಮ್ಮಗಳನ್ನು ಕರೆದುಕೊಂಡು ನಮ್ಮ ಹಳೆಯ ಓಣಿಗೆ ಇಳಿದೆ. ನಾನು ಸೊಸೆಯಾಗಿ ಬಂದು ಸೇರಿದ ಹಂಚಿನ ಮನೆ ಇದ್ದಲ್ಲಿ ಈಗ ಎತ್ತರದ ಕಟ್ಟಡವೊಂದು ನಿಂತಿದೆ. ಅದರ ಗೇಟಿನ ಹೊರಗೆ ಯಾರೋ ಒಂದು ಹತ್ತಿಯ ಹಾಸಿಗೆಯನ್ನು ಎಸೆದಿದ್ದರು. ಪಕ್ಕದಲ್ಲಿ ಕೈ ಮುರಿಯದ, ಕಾಲೂ ಮುರಿಯದ ಒಂದು ಕುರ್ಚಿ, ಮಕ್ಕಳ ಬಟ್ಟೆಯ ಒಂದು ಗಂಟು. ಎಲ್ಲದರ ಮೇಲೂ ಮಳೆ ಸುರಿದು ನೀರು ಕುಡಿದ ಹತ್ತಿಯ ವಾಸನೆ ಓಣಿಯ ತುಂಬ ಹಬ್ಬಿತ್ತು. ಮೊಮ್ಮಗಳು ಮೂಗು ಮುಚ್ಚಿಕೊಂಡು, "ಅಜ್ಜಿ, ಬೇಗ ನಡಿ" ಎಂದಳು. ನಾನು ಅಲ್ಲೇ ನಿಂತೆ. ಅದೇ ವಾಸನೆಯನ್ನು ಅದೇ ಜಾಗದಲ್ಲಿ ನಿಂತು ನಾನು ಹಿಂದೊಮ್ಮೆ ಕುಡಿದಿದ್ದೆ. ಆಗ ನನಗೆ ಹದಿನೆಂಟು ವರ್ಷ.

ರಂಗೂನು ಜಪಾನಿನವರ ಕೈಗೆ ಹೋದ ವರ್ಷ ಅದು. ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬಜಪೆಯ ಗದ್ದೆ ಬದಿಯಲ್ಲಿ ಬೆಳೆದವಳು ನಾನು. ಮಂಗಳೂರಿನ ಮನೆಯಲ್ಲಿ ನಾವು ನಾಲ್ವರು: ಅತ್ತೆ, ಮಾವ, ನನ್ನ ಗಂಡ ಮತ್ತು ನಾನು. ಮಾವನವರಿಗೆ ಬಂದರಿನಲ್ಲಿ ಅಕ್ಕಿಯ ಅಂಗಡಿ ಇತ್ತು. ಮಗನೂ ಬೆಳಿಗ್ಗೆ ಅವರ ಜೊತೆಗೇ ಹೋಗಿ ಸಂಜೆ ಅವರ ಜೊತೆಗೇ ಬರುತ್ತಿದ್ದರು. ಬರ್ಮಾದ ಅಕ್ಕಿ ನಿಂತುಹೋಗಿ ಅಂಗಡಿಯಲ್ಲಿ ಗೋಣಿಚೀಲಗಳಿಗಿಂತ ಖಾಲಿ ಜಾಗವೇ ಹೆಚ್ಚಾಗಿತ್ತು. ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ, ಸಕ್ಕರೆ ಇಲ್ಲ. ಸಂಜೆಯಾದರೆ ಓಣಿಯ ಮನೆಗಳಲ್ಲಿ ಒಂದೊಂದೇ ಚಿಮಣಿ ದೀಪ.

ಅತ್ತೆಯ ಹೆಸರು ಕಲ್ಯಾಣಿ. ಓಣಿಯವರಿಗೆಲ್ಲ ಕಲ್ಯಾಣಿಯಕ್ಕ. ಗಟ್ಟಿ ಮೈಕಟ್ಟಿನ, ಮೆಲ್ಲ ಮಾತಿನ ಹೆಂಗಸು. ಮನೆಯೊಳಗೆ ನಮ್ಮದು ತುಳು. ಇಲ್ಲಿ ಬರೆಯುವ ಮಾತೆಲ್ಲ ಆ ತುಳುವನ್ನೇ ನನಗೆ ಬಂದ ಕನ್ನಡಕ್ಕೆ ತಿರುಗಿಸಿದ್ದು. ಅವರಿಗೆ ಇದ್ದದ್ದು ಒಂದೇ ಚಪಲ: ಯಾವ ವಸ್ತುವನ್ನೂ ಮನೆಯಿಂದ ಹೊರಗೆ ಹೋಗಲು ಬಿಡುತ್ತಿರಲಿಲ್ಲ. ತೂತಾದ ಕೊಡೆ, ಹಿಡಿ ಹೋದ ಲಾಟೀನು, ಅಜ್ಜಿಯ ಕಾಲದ ತಾಮ್ರದ ಹಂಡೆ, ಬಿರುಕು ಬಿಡದ ಉಪ್ಪಿನಕಾಯಿ ಭರಣಿಗಳು, ಹೊದಿಕೆ, ಕಂಬಳಿ, ಮಣೆ, ಎಲ್ಲವೂ ಅಟ್ಟಕ್ಕೆ. "ಇರಲಿ, ಒಂದು ದಿನಕ್ಕೆ ಬೇಕಾಗ್ತದೆ" ಎನ್ನುವುದು ಅವರ ಮಾತು. ಅಟ್ಟದ ಏಣಿ ಹತ್ತುವವರು ತಲೆ ತಗ್ಗಿಸಿ ಏನಾದರೊಂದನ್ನು ತಳ್ಳಿಯೇ ಒಳಗೆ ನುಗ್ಗಬೇಕಿತ್ತು.

ಮಳೆಗೆ ಮುಂಚೆ ಹಂಚು ಕೈಯಾಡಿಸುವುದು ಪ್ರತಿ ವರ್ಷದ ಕೆಲಸ. ಒಡೆದ ಹಂಚು ತೆಗೆದು, ಸಂದು ನೋಡಿ, ಹೊಸತು ಹೊದೆಸುವುದು. ಆ ಮೇ ತಿಂಗಳಲ್ಲಿ ಬಂದ ಆಳುಗಳು ಮೇಲಿನಿಂದಲೇ ಕೂಗಿದರು: "ಅಮ್ಮಾ, ಇಲ್ಲಿ ಗೆದ್ದಲು ಉಂಟು. ಪೆಟ್ಟಿಗೆ ಕೆಳಗೆ ಇಳಿಸ್ಬೇಕು."

ಇಳಿಸಿದ್ದು ಹಲಸಿನ ಮರದ ದೊಡ್ಡ ಪೆಟ್ಟಿಗೆ. ಅತ್ತೆಗೆ ಮದುವೆಯಲ್ಲಿ ಬಂದ ಸೀರೆ, ಹೊದಿಕೆಗಳು ಅದರಲ್ಲಿದ್ದವು. ಹುಟ್ಟುವ ಮಗಳಿಗೆಂದು ಅವುಗಳನ್ನು ಉಡದೆ ಎತ್ತಿಟ್ಟಿದ್ದರಂತೆ. ಮಗಳು ಹುಟ್ಟಲಿಲ್ಲ. ಆಮೇಲೆ ಬರುವ ಸೊಸೆಗೆಂದು ಇಟ್ಟರು. ನಾನು ಬಂದ ಮೇಲೆ, ಮೊದಲ ದೀಪಾವಳಿಗೆ ಕೊಡೋಣ ಎಂದುಕೊಂಡು ಆಗಲೂ ಇಟ್ಟರು. ಚಾವಡಿಯ ನಡುವೆ ಕೂತು ಅವರು ಮುಚ್ಚಳ ತೆಗೆದರು. ಮೇಲಿನ ಸೀರೆ ಸರಿಯಾಗಿಯೇ ಇತ್ತು. ನೇರಳೆ ಬಣ್ಣ, ಜರಿಯ ಅಂಚು. ಎತ್ತಲೆಂದು ಕೈ ಹಾಕಿದರು; ಕೈ ನೇರ ಪೆಟ್ಟಿಗೆಯ ತಳದವರೆಗೆ ಇಳಿಯಿತು. ಒಳಗೆ ಮಣ್ಣು ಬಿಟ್ಟು ಬೇರೇನೂ ಇರಲಿಲ್ಲ.

ಅತ್ತೆ ಅಳಲಿಲ್ಲ. ಮೊಣಕೈವರೆಗೆ ಮೆತ್ತಿದ ಮಣ್ಣನ್ನು ಪೆಟ್ಟಿಗೆಯೊಳಗೇ ಕೊಡವಿದರು. "ನಿನಗೆ ಅಂತ ಇಟ್ಟದ್ದು ಸುಮತಿ" ಎಂದರು. "ಮನುಷ್ಯರಿಗೆ ಕೊಡ್ಲಿಲ್ಲ. ಹುಳಕ್ಕೆ ಕೊಟ್ಟೆ."

ಮರುದಿನ ಗಂಡಸರು ಅಂಗಡಿಗೆ ಹೋದದ್ದೇ ತಡ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಟ್ಟ ಹತ್ತಿದರು. ಅವರು ಮೇಲಿಂದ ಕೊಡುವುದು, ನಾನು ಕೆಳಗೆ ಹಿಡಿಯುವುದು. ಮನೆಗೆ ದಿನವೂ ಬೇಕಾದದ್ದನ್ನು ಬಿಟ್ಟು ಉಳಿದೆಲ್ಲವನ್ನೂ ತೊಳೆದು, ಒರೆಸಿ, ಬಿಸಿಲಿಗೆ ಹಾಕಿ, ಓಣಿಗೆ ಮುಖ ಮಾಡಿದ ಹೊರಗಿನ ಜಗಲಿಯ ಮೇಲೆ ಸಾಲಾಗಿ ಇಟ್ಟೆವು. ಸಂಜೆ ಬಂದ ಮಾವ ಅಂಗಳದಲ್ಲೇ ನಿಂತುಬಿಟ್ಟರು.

"ಇದೆಂತ ಇದು?"

"ನಮಗೆ ಬೇಡದ್ದು. ಬೇಕಾದವರು ತಕೊಂಡು ಹೋಗಲಿ."

"ನಿನಗೆ ಮಂಡೆ ಸರಿ ಉಂಟಾ? ನಾಳೆ ಬಂದರಿನಲ್ಲಿ ಎಂತ ಹೇಳ್ತಾರೆ ಗೊತ್ತುಂಟಾ? ಅಕ್ಕಿ ಅಂಗಡಿ ಮುಳುಗಿತು, ಮನೆ ಸಾಮಾನು ಏಲಂಗೆ ಇಟ್ಟಿದ್ದಾರೆ ಅಂತ ಹೇಳ್ತಾರೆ!"

"ಏಲಂ ಅಲ್ಲ ಅಂತ ನೀವು ಹೇಳಿ. ಸುಮ್ಮನೆ ಕೊಡುವುದು ಅಂತ ಹೇಳಿ."

"ಸುಮ್ಮನೆ ಯಾರು ಕೊಡ್ತಾರೆ ಮಾರಾಯ್ತಿ? ನಂಬುವವರು ಬೇಕಲ್ಲ!"

ಮಾವ ಹೇಳಿದ್ದು ಸುಳ್ಳಾಗಲಿಲ್ಲ. ಯಾರೂ ನಂಬಲಿಲ್ಲ. ಕೆಲವು ದಿನ ಜಗಲಿಯ ಸಾಮಾನು ಇಟ್ಟಲ್ಲೇ ಇತ್ತು. ಓಣಿಯಲ್ಲಿ ಹೋಗುವವರು ನಮ್ಮ ಮನೆ ಬಂದ ಕೂಡಲೇ ಆಚೆ ಬದಿಗೆ ಸರಿದು ನಡೆಯತೊಡಗಿದರು. ಎದುರು ಮನೆಯ ಸುಶೀಲಮ್ಮ, ಓಣಿಯ ಸುದ್ದಿಗೆಲ್ಲ ಅವರ ಮನೆಯ ಮೆಟ್ಟಿಲೇ ಅಂಚೆಕಚೇರಿ, ನನ್ನನ್ನು ಬಾವಿಕಟ್ಟೆಯ ಬಳಿ ತಡೆದು ತಗ್ಗಿದ ದನಿಯಲ್ಲಿ ಕೇಳಿದರು: "ಮನೆಯಲ್ಲಿ ಎಂತಾದರೂ ದೋಷ ಕಂಡಿತ್ತಾ? ಜೋಯಿಸರಲ್ಲಿ ಪ್ರಶ್ನೆ ಇಡಿಸಿದಿರಾ?" ಇಲ್ಲವೆಂದರೆ ಅವರು ಇನ್ನಷ್ಟು ಹೆದರಿದರು.

ಮೊದಲು ಕೈ ಹಾಕಿದವಳು ರಾಜೀವಿ. ಕಡಲ ಬದಿಯಿಂದ ಮೀನಿನ ಬುಟ್ಟಿ ಹೊತ್ತು ನಮ್ಮ ಗುಡ್ಡೆಯ ಮೇಲೆ ಮನೆಮನೆಗೆ ಮಾರುತ್ತಿದ್ದವಳು. ಅವಳ ಗಂಡ, ಮೈದುನಂದಿರು ಎಲ್ಲ ದೋಣಿಯವರು. ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಯಿಟ್ಟು, ಜಗಲಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಒಂದು ಭರಣಿ ಎತ್ತಿ ಬೆರಳಲ್ಲಿ ತಟ್ಟಿ ಸದ್ದು ಕೇಳಿದಳು.

"ಕಲ್ಯಾಣಿಯಕ್ಕ, ಇದು ನನಗೆ ಇರಲಿ. ಉಪ್ಪು ಹಾಕಿದ ಮೀನು ಇಡ್ಲಿಕ್ಕೆ ಆಗ್ತದೆ."

"ತಕೋ."

ರಾಜೀವಿ ಬುಟ್ಟಿಯಿಂದ ಎರಡು ದಪ್ಪ ಬಂಗುಡೆ ತೆಗೆದು ಮೆಟ್ಟಿಲ ಮೇಲಿಟ್ಟಳು. ಅತ್ತೆ ಅವನ್ನು ತಿರುಗಿ ಬುಟ್ಟಿಗೆ ಹಾಕಿದರು. "ಬದಲು ತಕೊಂಡರೆ ಅದು ವ್ಯಾಪಾರ ಆಯ್ತು. ನಾನು ವ್ಯಾಪಾರಕ್ಕೆ ಇಟ್ಟದ್ದಲ್ಲ."

"ಹಾಗಾದರೆ ನಾನು ಹೇಗೆ ತಕೊಳ್ಳುವುದು? ಕೈ ಬೀಸಿಕೊಂಡು ಬಂದು ಕೈ ತುಂಬಿಸಿಕೊಂಡು ಹೋಗ್ಲಿಕ್ಕೆ ನನಗೆ ನಾಚಿಕೆ ಇಲ್ವಾ?"

"ನಿನ್ನ ಮನೆಯಲ್ಲಿ ಬೇಡದ್ದು ಎಂತಾದರೂ ಇದ್ದರೆ ತಂದು ಇಡು. ನನಗಲ್ಲ, ಇಲ್ಲಿ ಇಡು. ಯಾರಿಗೆ ಬೇಕೋ ಅವರು ತಕೊಳ್ತಾರೆ."

ರಾಜೀವಿ ಇದನ್ನು ಯೋಚಿಸಿದಳು. ಎರಡು ದಿನ ಬಿಟ್ಟು ಬಂದವಳ ಬುಟ್ಟಿಯ ಮೇಲೆ ಹಳೆಯ ಬಲೆಯ ದೊಡ್ಡ ತುಂಡು ಇತ್ತು. ಕಡಲಿಗೆ ಆಗದ್ದು, ಆದರೆ ಮುಳ್ಳುಸೌತೆ, ಹೀರೆಯ ಬಳ್ಳಿ ಹಬ್ಬಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಅದು ಜಗಲಿಯ ಮೇಲೆ ಒಂದು ಮಧ್ಯಾಹ್ನ ಕೂಡ ಇರಲಿಲ್ಲ. ತೆಗೆದುಕೊಂಡು ಹೋದದ್ದು ಸುಶೀಲಮ್ಮ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅತ್ತೆ ನನ್ನ ಭುಜ ಹಿಡಿದು ಒಳಗೆ ಎಳೆದರು.

"ನೋಡಬೇಡ. ಇಡುವವರನ್ನೂ ನೋಡ್ಲಿಕ್ಕೆ ಇಲ್ಲ, ತಕೊಳ್ಳುವವರನ್ನೂ ನೋಡ್ಲಿಕ್ಕೆ ಇಲ್ಲ. ನೋಡಿದರೆ ಯಾರೂ ಬರುವುದಿಲ್ಲ."

ಅಂದಿನಿಂದ ಆ ಕಿಟಕಿಯ ಕದ ಮುಚ್ಚಿಯೇ ಇರುತ್ತಿತ್ತು. ಜಗಲಿ ಮಾತ್ರ ದಿನಕ್ಕೊಂದು ರೂಪ ತಾಳಿತು. ನಮ್ಮ ಹಂಡೆ ಹೋದಲ್ಲಿ ಯಾರದೋ ತೆಂಗಿನಕಾಯಿ ತುರಿಯುವ ಮಣೆ ಬಂತು. ಮಣೆ ಹೋಗಿ ಮಕ್ಕಳ ಸ್ಲೇಟು ಬಂತು. ತೂತಾದ ಕೊಡೆಗಳನ್ನು ಯಾರು ಒಯ್ಯುತ್ತಾರೆ ಎಂದು ನಾನು ನಕ್ಕಿದ್ದೆ. ಅವುಗಳ ಕಡ್ಡಿಗಾಗಿ ಯಾರೋ ಎಲ್ಲವನ್ನೂ ಒಯ್ದರು. ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಾಮಾನು ಸಿಗದ ಆ ಕಾಲದಲ್ಲಿ ಅಟ್ಟದ ಮೂಲೆಗಳು, ಮಂಚದ ಅಡಿಗಳು ನಮ್ಮ ಓಣಿಗೆ ಒಂದು ಹೊಸ ಪೇಟೆಯಾದವು. ಮಾವನವರು ಗೊಣಗುವುದನ್ನು ನಿಲ್ಲಿಸಲಿಲ್ಲ. ಆದರೆ ಒಂದು ಸಂಜೆ ಜಗಲಿಯಿಂದ ಒಳ್ಳೆಯ ಬೆತ್ತದ ಬೀಸಣಿಗೆಯೊಂದನ್ನು ಎತ್ತಿಕೊಂಡು ಒಳಗೆ ಬಂದರು. ಅತ್ತೆ ನೋಡಿಯೂ ನೋಡದವರಂತೆ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಮಳೆ ಹಿಡಿಯಿತು. ಆ ಹೊತ್ತಿಗೇ ಓಣಿಯ ತಗ್ಗಿನ ಕೊನೆಯ ಬಾಡಿಗೆ ಮನೆಗೆ ಸಂಜೀವಣ್ಣನ ಕುಟುಂಬ ಬಂದು ಸೇರಿತು. ಸಂಜೀವಣ್ಣ ಈ ಕಡೆಯವರೇ. ರಂಗೂನಿನ ಒಂದು ಮರದ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ರಜೆಗೆ ಬಂದರೆ ರೇಶ್ಮೆ ಕೊಡೆ ಹಿಡಿದು ನಡೆಯುತ್ತಿದ್ದರು ಎಂದು ಓಣಿಯ ಹಿರಿಯರಿಗೆ ನೆನಪಿತ್ತು. ಈಗ ಬಾಂಬಿನಡಿಯಿಂದ ತಪ್ಪಿಸಿಕೊಂಡು, ಹೆಂಡತಿ ಗಿರಿಜ ಮತ್ತು ಐದಾರು ವರ್ಷದ ಮಗಳು ವಿಮಲಳ ಜೊತೆ ಕಾಡು, ಗುಡ್ಡ ನಡೆದು, ಹೇಗೋ ಬಂದು ಮುಟ್ಟಿದ್ದರು. ಉಟ್ಟ ಬಟ್ಟೆಯ ಹೊರತು ಏನನ್ನೂ ತಂದಿರಲಿಲ್ಲ. ಬಂದರಿನ ಒಂದು ಗೋದಾಮಿನಲ್ಲಿ ಚಿಕ್ಕ ಕೆಲಸ ಸಿಕ್ಕಿತ್ತು.

ಗಿರಿಜ ದಿನವೂ ನಮ್ಮ ಮನೆಯ ಮುಂದೆ ಹಾದು ಹೋಗುತ್ತಿದ್ದಳು. ಜಗಲಿಯ ಕಡೆ ಕಣ್ಣು ಹಾಯಿಸುತ್ತಿದ್ದಳೇ ಹೊರತು ಮೆಟ್ಟಿಲು ಹತ್ತುತ್ತಿರಲಿಲ್ಲ. ಒಂದು ದಿನ ನಾನು ಕರಿಬೇವು ಕೊಡುವ ನೆಪದಲ್ಲಿ ಅವಳ ಮನೆಗೆ ಹೋಗಿದ್ದೆ. ಒಂದು ಮಣ್ಣಿನ ಮಡಕೆ, ಎರಡು ತೆಂಗಿನ ಕರಟ, ನೆಲಕ್ಕೆ ಹಾಸಿದ ಗೋಣಿ. ನೆಲದಿಂದ ತಂಪು ಏಳುತ್ತಿತ್ತು. ವಿಮಲ ಅಮ್ಮನ ಹಳೆಯ ಸೀರೆ ಸುತ್ತಿಕೊಂಡು ಮುದುಡಿ ಕೂತಿದ್ದಳು. ಇದನ್ನು ಬಂದು ಅತ್ತೆಗೆ ಹೇಳಿದೆ. ಜಗಲಿಯ ಮೇಲೆ ಕೆಂಪು ಅಂಚಿನ ಒಂದು ದಪ್ಪ ಕಂಬಳಿ ಉಳಿದಿತ್ತು. ಅತ್ತೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಹೊರಟರು.

"ಗಿರಿಜ, ನಿನ್ನಿಂದ ಒಂದು ಉಪಕಾರ ಆಗಬೇಕು" ಎಂದರು ಬಾಗಿಲಲ್ಲೇ ನಿಂತು. "ಈ ಕಂಬಳಿ ಮಳೆಗಾಲದಲ್ಲಿ ಸುಮ್ಮನೆ ಮಡಚಿ ಇಟ್ಟರೆ ಹುಳ ತಿಂತದೆ. ನಮ್ಮಲ್ಲಿ ಹೊದೆಯುವವರು ಇಲ್ಲ. ನೀವು ಹೊದ್ದು ಇದನ್ನು ಉಳಿಸಿ ಕೊಡ್ಬೇಕು."

ಗಿರಿಜ ಅತ್ತೆಯ ಮುಖವನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ತುಟಿ ಕಚ್ಚಿಕೊಂಡು ಎರಡೂ ಕೈ ಚಾಚಿ ತೆಗೆದುಕೊಂಡಳು.

ಸಂಜೆ ಸಂಜೀವಣ್ಣ ಅದನ್ನು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಮಳೆಯಲ್ಲಿ ನೆನೆಯುತ್ತಿದ್ದರೂ ಕಂಬಳಿಯನ್ನು ಮಾತ್ರ ಅಂಗಿಯೊಳಗೆ ಸೇರಿಸಿ ಒದ್ದೆಯಾಗದಂತೆ ತಂದಿದ್ದರು.

"ಕಲ್ಯಾಣಿಯಕ್ಕ, ನಾವು ಬೇಡ್ಲಿಕ್ಕೆ ಬಂದವರಲ್ಲ. ಕೈಕಾಲು ಗಟ್ಟಿ ಉಂಟು. ಬೇಕಾದದ್ದನ್ನು ದುಡಿದು ತಕೊಳ್ತೇನೆ."

ಅತ್ತೆ ಚಾವಡಿಯ ಮೂಲೆಯಲ್ಲಿದ್ದ ಆ ಹಲಸಿನ ಪೆಟ್ಟಿಗೆಯ ಬಳಿ ಅವರನ್ನು ಕರೆದೊಯ್ದು ಮುಚ್ಚಳ ಎತ್ತಿದರು. ಗೆದ್ದಲು ಬಿಟ್ಟುಹೋದ ಮಣ್ಣನ್ನು ಅವರು ಇನ್ನೂ ಚೆಲ್ಲಿರಲಿಲ್ಲ.

"ಇದು ನನ್ನ ಮದುವೆ ಸೀರೆಗಳು. ಯಾರೂ ಉಡ್ಲಿಲ್ಲ. ಬೇಡಿದವರೂ ಇಲ್ಲ, ನಾನು ಕೊಟ್ಟದ್ದೂ ಇಲ್ಲ. ಆ ಕಂಬಳಿ ನಿನಗೆ ಬೇಡದಿದ್ದರೆ ಇಟ್ಟು ಹೋಗು ಸಂಜೀವ, ನಾನು ಒತ್ತಾಯ ಮಾಡುವುದಿಲ್ಲ. ಆದರೆ ಭಿಕ್ಷೆ ಅಂತ ಹೇಳಬೇಡ. ನನಗೆ ಇನ್ನೊಂದು ಪೆಟ್ಟಿಗೆ ಹೀಗೆ ಆಗುವುದು ಬೇಡ, ಅಷ್ಟೆ."

ಸಂಜೀವಣ್ಣ ಪೆಟ್ಟಿಗೆಯೊಳಗೆ ನೋಡುತ್ತಾ ನಿಂತರು. ರಂಗೂನಿನಲ್ಲಿ ಬೀಗ ಹಾಕಿ ಬಿಟ್ಟು ಬಂದ ಮನೆ ಅವರ ಕಣ್ಣಿಗೆ ಬಂದಿರಬೇಕು. "ಅಲ್ಲಿ ಎರಡು ಕಪಾಟು ಬಟ್ಟೆ ಇತ್ತು ಅಕ್ಕ" ಎಂದರು. "ಪಕ್ಕದ ಮನೆಯವರಿಗೆ ತಕೊಳ್ಳಿ ಅಂತ ಹೇಳಿ ಬರ್ಲಿಕ್ಕೂ ಪುರುಸೊತ್ತು ಆಗ್ಲಿಲ್ಲ." ಕಂಬಳಿಯನ್ನು ಮತ್ತೆ ಅಂಗಿಯೊಳಗೆ ಸೇರಿಸಿಕೊಂಡು ಮಳೆಗೆ ಇಳಿದರು.

ಆಟಿ ತಿಂಗಳ, ಅಂದರೆ ಆಷಾಢದ, ಜಡಿಮಳೆ. ಗುಡ್ಡೆಯ ಮೇಲಿನ ನೀರೆಲ್ಲ ಕೆಂಪಾಗಿ ಓಣಿಯಲ್ಲಿ ಹರಿದು ತಗ್ಗಿಗೆ ಇಳಿಯುತ್ತಿತ್ತು. ನಾನು ಆಗ ಬಸುರಿ; ಬೆಳಗಿನ ವಾಕರಿಕೆ ಇನ್ನೂ ಬಿಟ್ಟಿರಲಿಲ್ಲ. ಅಂಥ ಒಂದು ವಾರದಲ್ಲಿ ವಿಮಲಳಿಗೆ ಜ್ವರ ಬಂತು. ಮೊದಲಿಗೆ ನೆಗಡಿಯ ಜ್ವರವೆಂದುಕೊಂಡರು. ಅದು ಇಳಿಯಲಿಲ್ಲ. ಮಗು ಕಣ್ಣು ತೆರೆಯದೆ ಏನೇನೋ ಬಡಬಡಿಸತೊಡಗಿತು.

ಯಾರು ಮೊದಲು ಹೇಳಿದರೋ ತಿಳಿಯದು. ಸುಶೀಲಮ್ಮನ ಮೆಟ್ಟಿಲ ಮೇಲಂತೂ ಆ ಮಾತು ದೊಡ್ಡದಾಯಿತು. "ಕಂಡವರು ಹೊದ್ದ ಕಂಬಳಿ. ಯಾವ ರೋಗದವರು ಹೊದ್ದಿದ್ದರೋ! ಜಗಲಿಗೆ ಯಾರ್ಯಾರೋ ತಂದು ಹಾಕ್ತಾರೆ, ಸತ್ತವರ ಹಾಸಿಗೆಯೋ, ಸಿಡುಬು ಎದ್ದವರ ಬಟ್ಟೆಯೋ, ಯಾರಿಗೆ ಗೊತ್ತುಂಟು?" ಮಧ್ಯಾಹ್ನದೊಳಗೆ ಒಬ್ಬೊಬ್ಬರಾಗಿ ಬರತೊಡಗಿದರು. ಈ ಸಲ ಯಾರೂ ಮುಖ ಮರೆಸಿಕೊಳ್ಳಲಿಲ್ಲ. ಒಯ್ದದ್ದನ್ನೆಲ್ಲ ತಂದು ಜಗಲಿಯ ಮೇಲೂ ಇಡದೆ ಅಂಗಳಕ್ಕೆ ಎಸೆದು ಹೋದರು. ಹಂಡೆ, ಮಣೆ, ಹೊದಿಕೆ, ದಿಂಬು, ಹತ್ತಿಯ ಹಾಸಿಗೆ. ಬಳ್ಳಿಯಿಂದ ಕಿತ್ತ ಬಲೆಯನ್ನೂ ತಂದರು. ಅದರಲ್ಲಿ ಹೀರೆಯ ಎಳೆ ಮಿಡಿಗಳು ಸಿಕ್ಕಿಕೊಂಡೇ ಇದ್ದವು. ಎಲ್ಲದರ ಮೇಲೂ ಮಳೆ ಹೊಯ್ಯುತ್ತಿತ್ತು. ಆ ರಾಶಿಯಿಂದ ಎದ್ದ ವಾಸನೆಗೆ ನಾನು ಕಂಬ ಹಿಡಿದುಕೊಂಡು ವಾಂತಿ ಮಾಡಿದೆ. ಅತ್ತೆ ನನ್ನ ಬೆನ್ನು ಸವರುತ್ತಿದ್ದರು.

ಕೊನೆಗೆ ಗಿರಿಜಳೇ ಕಂಬಳಿಯನ್ನು ತಂದಳು. ಬಯ್ಯಲಿಲ್ಲ. "ಎಲ್ಲರೂ ಹೇಳ್ತಾರೆ ಅಕ್ಕ. ನನಗೆ ಗೊತ್ತಾಗುವುದಿಲ್ಲ" ಎಂದು ಅತ್ತು ಅದನ್ನು ಜಗಲಿಯ ಅಂಚಿಗಿಟ್ಟು ಓಡಿದಳು.

ಅಂಗಡಿಯಿಂದ ಬಂದ ಮಾವ, ಸುಶೀಲಮ್ಮನ ಮನೆಯವರೂ ಇತರರೂ ಸುತ್ತ ನಿಂತಿದ್ದಾಗಲೇ ಗಟ್ಟಿ ದನಿಯಲ್ಲಿ ಹೇಳಿದರು: "ಆಯ್ತು. ಎಲ್ಲ ಗಾಡಿಗೆ ಹಾಕಿ ಸುಡಿಸ್ತೇನೆ. ಇನ್ನು ಈ ಜಗಲಿಯಲ್ಲಿ ಎಂತದ್ದೂ ಇಡ್ಲಿಕ್ಕೆ ಇಲ್ಲ." ಎತ್ತಿನ ಗಾಡಿ ಬಂತು. ಕಂಬಳಿಯನ್ನೂ ಅದರ ಮೇಲೆ ಹಾಕಿದರು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಅತ್ತೆ ಒಳಗೆ ಹೋಗಿ ಸೀರೆ ಬದಲಿಸಿ ಬಂದರು.

"ನಾನು ಗಿರಿಜನ ಮನೆಗೆ ಹೋಗ್ತೇನೆ. ಆ ಹುಡುಗಿಗೆ ಸಹಾಯಕ್ಕೆ ಯಾರೂ ಇಲ್ಲ. ನೀನು ಆ ಹೊಸ್ತಿಲು ದಾಟಬಾರದು, ಹೊಟ್ಟೆಯಲ್ಲಿ ಜೀವ ಉಂಟು. ನೀರು ಕುದಿಸಿ ಅವರ ಮೆಟ್ಟಿಲ ತನಕ ತಂದು ಇಡು, ಸಾಕು."

"ನಾನು ಕೊಟ್ಟದ್ದರಿಂದಲೇ ಆಯ್ತಾ ಸುಮತಿ?" ಎಂದು ಹೊರಡುವಾಗ ತಿರುಗಿ ಕೇಳಿದರು. ಆ ಕಂಬಳಿಯನ್ನು ಬಿಸಿನೀರಲ್ಲಿ ಅದ್ದಿ, ತಿರುತಿರುಗಿಸಿ ಒಣಗಿಸಿದವಳು ನಾನೇ. ಆದರೂ ಎದೆಯೊಳಗೆ ಹೆದರಿಕೆ ಇತ್ತು.

ಬಲ್ಮಠದ ಡಾಕ್ಟರನ್ನು ಕರೆದು ತಂದದ್ದು ನನ್ನ ಗಂಡ. ಕೊಡೆ ಮಡಚಿ ಒಳಗೆ ಹೋದ ಡಾಕ್ಟರು ಮಗುವಿನ ಹೊಟ್ಟೆ, ನಾಲಗೆ ನೋಡಿದರು. ಆಮೇಲೆ ಹಿತ್ತಲಿಗೆ ಹೋಗಿ ಬಾವಿ ನೋಡಿದರು. ತಗ್ಗಿನ ಆ ಬಾವಿಗೆ ಕಟ್ಟೆ ಕುಸಿದಿತ್ತು. ಓಣಿಯ ಕೊಳೆನೀರೆಲ್ಲ ನೇರ ಅದರೊಳಗೆ ಇಳಿಯುತ್ತಿತ್ತು.

"ಟೈಫಾಯಿಡ್. ಈ ನೀರು ಕುಡಿದರೆ ಬಾರದೆ ಇರ್ತದಾ?" ಎಂದರು. ಅತ್ತೆ ಕಂಬಳಿಯ ಮಾತು ಎತ್ತಿದಾಗ ಅವರು ಕನ್ನಡಕದ ಮೇಲಿಂದ ನೋಡಿದರು. "ಕುದಿಸಿ ಒಣಗಿಸಿದ ಕಂಬಳಿ ಎಂತ ಮಾಡ್ತದೆ ಅಮ್ಮ? ಮಗುವಿಗೆ ಚಳಿ ತಡೀತದೆ. ನೀರು ಕುದಿಸಿ ಕೊಡಿ. ಮಗುವಿನ ಬಟ್ಟೆ ಕುದಿಸಿ. ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆಯಿರಿ. ಇದಕ್ಕೆ ಬೇರೆ ಮದ್ದು ನನ್ನ ಹತ್ತಿರ ಇಲ್ಲ, ನೋಡಿಕೊಳ್ಳುವುದೇ ಮದ್ದು."

ಆ ನೋಡಿಕೊಳ್ಳುವುದನ್ನು ನಾನು ಮೆಟ್ಟಿಲ ಕೆಳಗಿನಿಂದ ಕಂಡೆ. ನಮ್ಮ ಬಾವಿಯ ನೀರು ಕುದಿಸಿ ಮುಚ್ಚಿ ಒಯ್ದು ಇಟ್ಟರೆ ಅತ್ತೆ ಬಂದು ತೆಗೆದುಕೊಳ್ಳುತ್ತಿದ್ದರು. ಬಾರ್ಲಿ ನೀರು, ಗಂಜಿಯ ತಿಳಿ. ದಿನೇ ದಿನೇ ಅವರ ಕಣ್ಣು ಗುಳಿ ಬೀಳುತ್ತಿತ್ತು. ಸುದ್ದಿ ಕೇಳಿ ಬಜಪೆಯಿಂದ ನನ್ನ ಅಪ್ಪ ಗಾಡಿ ಕಟ್ಟಿಕೊಂಡು ಬಂದರು. "ಜ್ವರದ ಓಣಿಯಲ್ಲಿ ಬಸುರಿ ಹೆಂಗಸು ಇರುವುದು ಬೇಡ, ಹೊರಡು ಮಗಾ" ಎಂದರು. ಅಪ್ಪನ ಮಾತಿಗೆ ನಾನು ಎದುರಾಡಿದವಳಲ್ಲ. ಅಂದು ಆಡಿದೆ. "ನಾನು ಹೋದರೆ ನೀರು ಯಾರು ಕುದಿಸುವುದು ಅಪ್ಪ? ಅತ್ತೆ ಬಿದ್ದುಹೋಗ್ತಾರೆ." ಅಪ್ಪ ಗಾಡಿಯಲ್ಲಿದ್ದ, ಹುಲ್ಲಿನಲ್ಲಿ ಕಟ್ಟಿದ ಕುಚ್ಚಲಕ್ಕಿಯ ಮುಡಿಯನ್ನು ಇಳಿಸಿ, ಒಬ್ಬರೇ ತಿರುಗಿ ಹೋದರು.

ಕೆಲಸ ಮುಗಿಸಿ ಬರುವಾಗ ರಾಜೀವಿಯೂ ನಮ್ಮ ಬಾವಿಯಿಂದ ಒಂದು ಕೊಡ ನೀರು ಹೊತ್ತು ಗಿರಿಜಳ ಮನೆಗೆ ಇಳಿಯುತ್ತಿದ್ದಳು. ಭರಣಿಯನ್ನು ತಿರುಗಿ ತಾರದವಳು ಅವಳೊಬ್ಬಳೇ. "ಅದರಲ್ಲಿ ಮೀನು ಹಾಕಿಯಾಗಿದೆ, ಇನ್ನು ಯಾರು ಕೊಡ್ತಾರೆ?" ಎಂದು ಸುಶೀಲಮ್ಮನ ಮೆಟ್ಟಿಲ ಎದುರೇ ಕೂಗಿ ಹೇಳಿದ್ದಳಂತೆ.

ಒಂದು ಬೆಳಿಗ್ಗೆ ನಾನು ನೀರು ಇಡಲು ಹೋದಾಗ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಕೂದಲು ಬಿಚ್ಚಿಹೋಗಿತ್ತು. ಮಗು ಹೋಗಿಬಿಟ್ಟಿತೋ ಎಂದುಕೊಂಡು ನೀರಿನ ಪಾತ್ರೆ ಅಲ್ಲೇ ಇಳಿಸಿದೆ. ಅವರು ನನ್ನನ್ನು ನೋಡಿ, "ಉಪ್ಪಿನಕಾಯಿ ಬೇಕಂತೆ ಅವಳಿಗೆ" ಎಂದರು. ನಕ್ಕರು. ಆಮೇಲೆ ಮೊಣಕಾಲಿಗೆ ಮುಖ ಒತ್ತಿಕೊಂಡು, ಮದುವೆಯ ಸೀರೆ ಮಣ್ಣಾದಾಗ ಅಳದವರು, ಅತ್ತರು.

ಮಗು ಉಳಿಯಿತು. ಕಡ್ಡಿಯಂತಾಗಿತ್ತು, ಕೂದಲು ಉದುರಿತ್ತು, ಆದರೆ ಉಳಿಯಿತು. ಬಾವಿಯ ಕಟ್ಟೆ ಕಟ್ಟುವವರೆಗೆ ತಗ್ಗಿನ ಮನೆಗಳವರೆಲ್ಲ ನಮ್ಮ ಬಾವಿಗೆ ಬಂದರು. ಡಾಕ್ಟರು ಹೇಳಿದ್ದು ಓಣಿಗೆಲ್ಲ ತಿಳಿಯಿತು. ಆದರೆ ಯಾರೂ ಆ ಮಾತು ಎತ್ತಲಿಲ್ಲ. ಬರಿದಾದ ಜಗಲಿಯ ಮುಂದೆ ಎಲ್ಲರೂ ನೆಲ ನೋಡುತ್ತಾ ಕೊಡ ಹೊತ್ತು ನಡೆಯುತ್ತಿದ್ದರು.

ಒಂದು ರವಿವಾರ, ಮಳೆ ಬಿಟ್ಟು ಹೊಳವಾಗಿ ಬಾವಿಕಟ್ಟೆಯಲ್ಲಿ ಜನ ತುಂಬಿದ್ದಾಗ, ಸಂಜೀವಣ್ಣ ಬಂದರು. ಇಸ್ತ್ರಿ ಇಲ್ಲದಿದ್ದರೂ ಶುಭ್ರವಾಗಿ ಒಗೆದ ಅಂಗಿ. ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು:

"ಕಲ್ಯಾಣಿಯಕ್ಕ, ಆ ಕೆಂಪು ಅಂಚಿನ ಕಂಬಳಿ ನಮಗೆ ಬೇಕಿತ್ತು. ವಿಮಲ ಚಳಿಗೆ ಅದನ್ನೇ ಕೇಳ್ತಾಳೆ. ನಾವು ತಿರುಗಿ ಕೊಟ್ಟದ್ದು ತಪ್ಪಾಯ್ತು. ಇನ್ನೊಮ್ಮೆ ಕೇಳ್ಲಿಕ್ಕೆ ಬಂದದ್ದು ನಾನು."

ಬಾವಿಯ ರಾಟೆಯ ಸದ್ದು ನಿಂತಿತು. ಬೇಡುವವನಲ್ಲ ಎಂದವರು ಹತ್ತು ಜನರ ಎದುರು ಕೇಳುತ್ತಿದ್ದರು. "ಅದನ್ನು ಸುಟ್ಟಾಯ್ತಲ್ಲ ಸಂಜೀವ" ಎಂದರು ಅತ್ತೆ, ಬಹಳ ಮೆಲ್ಲಗೆ.

ಚಾವಡಿಯಲ್ಲಿ ಕೂತಿದ್ದ ಮಾವ ಕೆಮ್ಮಿದರು. "ಸುಡ್ಲಿಕ್ಕೆ ಎಲ್ಲಿ ಆಯ್ತು?" ಎಂದರು. "ಆ ಮಳೆಗೆ ಬೆಂಕಿ ಹತ್ತಬೇಕಲ್ಲ! ನನ್ನ ಅಂಗಡಿಯಲ್ಲಿ ಈಗ ಅಕ್ಕಿ ಎಲ್ಲುಂಟು, ಜಾಗ ಖಾಲಿಯೇ. ಒಳಗೆ ಹಾಕಿಸಿದೆ. ಅಂಗಡಿಯ ಆಳುಗಳ ಹತ್ತಿರ ಎಲ್ಲ ಕುದಿಸಿ ಒಣಗಿಸಿ ಇಡ್ಲಿಕ್ಕೆ ಹೇಳಿದೆ, ಮಗನಿಗೂ ಬಾಯಿ ಬಿಡಬೇಡ ಅಂದೆ. ಹಾಸಿಗೆ ಒಂದು ಹಾಳಾಯ್ತು. ಬಾಕಿ ಎಲ್ಲ ಉಂಟು."

ಅತ್ತೆ ತಿರುಗಿ ಅವರನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಈ ಗಂಡಸು ಯಾರೆಂದು ಹೊಸದಾಗಿ ಗುರುತು ಹಿಡಿಯುವಂತಿತ್ತು.

"ನನಗೆ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಹೇಳಿದರೆ ನೀನು ಮರುದಿನವೇ ಜಗಲಿಯಲ್ಲಿ ಇಡ್ತಿದ್ದೆ. ಜನ ಕಲ್ಲು ಹೊಡೀತಿದ್ದರು. ಸ್ವಲ್ಪ ಮಳೆ ಬಿಡಲಿ ಅಂತ ನೋಡಿದೆ" ಎಂದು ಮಾವ ಜಗಲಿಯಿಂದಲೇ ಎತ್ತಿ ತಂದಿದ್ದ ಬೀಸಣಿಗೆಯನ್ನು ಆ ಚಳಿಯಲ್ಲೂ ಜೋರಾಗಿ ಬೀಸಿಕೊಂಡರು.

ಅಂದೇ ಸಂಜೆ ಗಾಡಿ ಬಂತು. ಸಂಜೀವಣ್ಣ ಕಂಬಳಿಯನ್ನು ಈ ಸಲ ಅಂಗಿಯೊಳಗೆ ಅಡಗಿಸದೆ ಹೆಗಲ ಮೇಲೆ ಹಾಕಿಕೊಂಡು ಓಣಿಯ ನಡುವಿನಿಂದ ನಡೆದು ಹೋದರು. ಉಳಿದದ್ದನ್ನು ಅತ್ತೆ ಜಗಲಿಯ ಮೇಲೆ ಮೊದಲಿನಂತೆ ಸಾಲಾಗಿಟ್ಟು ಕಿಟಕಿ ಮುಚ್ಚಿದರು. ಮಾರನೆಯ ಬೆಳಿಗ್ಗೆ ಅರ್ಧದಷ್ಟು ಸಾಮಾನು ಹೋಗಿತ್ತು. ಅದಾದ ಮೇಲೆ ಯುದ್ಧ ಮುಗಿಯುವವರೆಗೂ ಆ ಜಗಲಿ ಖಾಲಿ ಬಿದ್ದದ್ದಿಲ್ಲ.

ಸಂಜೀವಣ್ಣನಿಗೆ ಕೆಲವು ವರ್ಷಗಳ ಮೇಲೆ ಬೊಂಬಾಯಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಕುಟುಂಬ ಅಲ್ಲಿಗೆ ಹೋಯಿತು. ವಿಮಲ ಅಲ್ಲಿ ಟೀಚರಾದಳು ಎಂದು ಕೇಳಿದ್ದೇನೆ.

ನನಗೆ ಮಗ ಹುಟ್ಟಿದ್ದು ಮುಂದಿನ ಬೇಸಿಗೆಯಲ್ಲಿ. ಬಟ್ಟೆಗೆ ಆಗ ಅಂಥ ಬರ. ಮಗುವಿಗೆ ಸುತ್ತಲು ಮೆತ್ತನೆಯ ಒಂದು ಹಳೆಯ ಪಂಚೆಯೂ ಸಿಗದೆ ಅತ್ತೆ ತಮ್ಮ ಸೀರೆ ಹರಿಯಲು ಕೂತಿದ್ದರು. ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ಒಂದು ಗಂಟು. ಒಳಗೆ ತೊಳೆದು ತೊಳೆದು ಹಾಲಿನ ಕೆನೆಯಂತಾದ ಬಟ್ಟೆಗಳು, ಎರಡು ಪುಟ್ಟ ಅಂಗಿ, ಕುತ್ತಿಗೆಯ ಹತ್ತಿರ ಯಾರೋ ಕೈಯಲ್ಲಿ ಹಾಕಿದ ಹಸಿರು ದಾರದ ಎಲೆ. ನಾನು ಬಾಣಂತಿಕೋಣೆಯಲ್ಲೇ ಮಲಗಿ, ಯಾರಿರಬಹುದು, ರಾಜೀವಿಯೇ, ಗಿರಿಜಳೇ ಎಂದು ಕೇಳುತ್ತಲೇ ಇದ್ದೆ. ಅತ್ತೆ ಮಗುವಿಗೆ ಅಂಗಿ ತೊಡಿಸುತ್ತಿದ್ದರು.

"ಯಾರು ಅಂತ ಹುಡುಕಬೇಡ" ಎಂದರು. "ಗೊತ್ತಾದರೆ ಅವರೊಬ್ಬರನ್ನು ನೋಡಿ ನಗ್ತಿ. ಗೊತ್ತಿಲ್ಲದಿದ್ದರೆ ಎಲ್ಲರನ್ನೂ ನೋಡಿ ನಗಬೇಕಾಗ್ತದೆ."

ನಲವತ್ತು ದಿನ ಕಳೆದು ಮಗುವನ್ನು ಎತ್ತಿಕೊಂಡು ಮೊದಲ ಸಲ ಓಣಿಗೆ ಇಳಿದ ದಿನ ನಾನು ಹಾಗೆಯೇ ಮಾಡಿದೆ. ಎದುರು ಸಿಕ್ಕಿದವರನ್ನೆಲ್ಲ ನೋಡಿ ನಕ್ಕೆ. ಸುಶೀಲಮ್ಮ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಾ ಕೂತಿದ್ದರು. ಅವರನ್ನು ನೋಡಿಯೂ ನಕ್ಕೆ. ಅವರು ಮೊರವನ್ನು ಬದಿಗಿಟ್ಟು ಎದ್ದು ಬಂದು, ಮಗು ತೊಟ್ಟಿದ್ದ ಹಸಿರು ಎಲೆಯ ಅಂಗಿಯ ಕುತ್ತಿಗೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಸರಿಪಡಿಸಿ, "ಸರಿಯಾಗಿ ಆಗ್ತದಲ್ಲ ಇದು" ಎಂದರು. ಆಮೇಲೆ ಹೋಗಿ ಮತ್ತೆ ಅಕ್ಕಿ ಆರಿಸತೊಡಗಿದರು.